ಕೋಡಿಬಾಗದ ಬಾಲ್ಕನಿಗೆ ಗಾಜಿನ ರೇಲಿಂಗ್: ನನ್ನ ಅನುಭವ

ಎರಡು ಮಳೆಗಾಲ ಕಳೆಯಿತು. ನಮ್ಮ ಮನೆಯ ಗಾಜಿನ ರೇಲಿಂಗ್ ಕೂದಲೆಳೆಯಷ್ಟೂ ಅಲುಗಿಲ್ಲ. ‘ಕಾರವಾರದ ಉಪ್ಪುಗಾಳಿಗೆ ಅದೆಲ್ಲ ಬಾಳೋದಿಲ್ಲ, ಗೋಡೆ ಎಬ್ಬಿಸು ಮಾರಾಯಾ’ ಅಂದಿದ್ದ ಮೇಸ್ತ್ರಿಗಳೇ ಈಗ ಬಂದು ಅಳತೆ ತೆಗೆದುಕೊಂಡು ಹೋಗುತ್ತಿದ್ದಾರೆ.

ಮೊದಲು ಪರವಾನಿಗೆ. ನಮ್ಮದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯ ಮನೆ. ‘ಬಾಲ್ಕನಿ ನವೀಕರಣ’ ಎಂದು ಬರೆದ ಅರ್ಜಿ ಎರಡು ಸಲ ವಾಪಸ್ ಬಂತು. ಮೂರನೇ ಸಲ ಇದ್ದದ್ದನ್ನೇ ಬರೆದೆ: ‘ತುಕ್ಕು ಹಿಡಿದ ರೇಲಿಂಗ್ ಬದಲಾವಣೆ’. ಅಧಿಕೃತ ಮನೆಯ ದುರಸ್ತಿಗೆ ನಿಯಮದಲ್ಲಿ ಅವಕಾಶವಿದೆ, ತಳಪಾಯದ ವಿಸ್ತೀರ್ಣವಾಗಲಿ ಎಫ್‌ಎಸ್‌ಐ (ನಿವೇಶನಕ್ಕೆ ಹೋಲಿಸಿ ಕಟ್ಟಡದ ಒಟ್ಟು ನೆಲದ ಅನುಪಾತ) ಆಗಲಿ ಹೆಚ್ಚಬಾರದು. ಮಂಜೂರಾದ ಹಳೆ ನಕ್ಷೆ, ಫೋಟೊ, ಮೊದಲಿನ ಮತ್ತು ನಂತರದ ಅಳತೆ ಅಕ್ಕಪಕ್ಕ ತೋರಿಸುವ ಒಂದು ಸೆಕ್ಷನ್ ಡ್ರಾಯಿಂಗ್ ಲಗತ್ತಿಸಿದೆ. ಎತ್ತರ 1.1 ಮೀಟರ್ ಇಟ್ಟೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದು ಕನಿಷ್ಠ 1 ಮೀಟರ್. ಐದು ತಿಂಗಳು ಹಿಡಿಯಿತು, ಓಡಾಟ ಸೇರಿ ಎಂಟೊಂಬತ್ತು ಸಾವಿರ.

ಇಷ್ಟಾದ ಮೇಲೂ ಮೊದಲ ಸಲ ಸೋತೆ. 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಕಂಬ, 12 ಎಂಎಂ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು. ನಾಲ್ಕೇ ತಿಂಗಳಲ್ಲಿ ವೆಲ್ಡಿಂಗ್ ಸುತ್ತ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಒಂದು ರಾತ್ರಿ ಯಾರೂ ಮುಟ್ಟದೆ ಒಂದು ಗಾಜು ಸಿಡಿದು, ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಕಲ್ಲುಸಕ್ಕರೆ ಚೆಲ್ಲಿದಂತಿತ್ತು. ಹಗಲಲ್ಲಿ ಮಕ್ಕಳು ಆಡುವ ಜಾಗ ಅದು. ಎಲ್ಲ ಬಿಚ್ಚಿಸಿ ಬಿದಿರು ಅಡ್ಡ ಕಟ್ಟಿದೆ. ಸುಮಾರು 60 ಸಾವಿರ ಹೋಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರಸಿಯ ಮೇಲೆ ಬೇರೆ ಬೇರೆ ಲೋಹದ ತುಂಡುಗಳನ್ನು ಇಟ್ಟು ನೋಡಿದೆ. ಪೌಡರ್ ಕೋಟ್ (ಪುಡಿಬಣ್ಣ ಬೇಯಿಸಿ ಹಿಡಿಸಿದ) ಅಲ್ಯೂಮಿನಿಯಂ ಕೊಯ್ದ ಅಂಚಿನಲ್ಲಿ ಗುಳ್ಳೆ ಎದ್ದಿತು. ಉಪ್ಪಿಗೆ ಹೆಚ್ಚು ತಡೆಯುವ 316 ಗ್ರೇಡಿನ ಸ್ಟೀಲ್‌ನಲ್ಲೂ ಮ್ಯಾಟ್ ಫಿನಿಶ್ ತುಂಡು ಉಪ್ಪು ಹಿಡಿದು ಕಲೆಯಾಯಿತು, ಮಿರರ್ ಪಾಲಿಶ್ ಆದದ್ದು ಹಾಗೇ ಉಳಿಯಿತು. ಕುತೂಹಲಕ್ಕೆ ಇಟ್ಟ ಹಿತ್ತಾಳೆ ಚಿಲಕ ಹಸಿರು ತಿರುಗಿತು, ಆದರೂ ಸಲೀಸಾಗಿ ಜಾರುತ್ತಿತ್ತು; ಹಿತ್ತಲ ಬಾಗಿಲಿಗೆ ಈಗ ಅದೇ.

ಎರಡನೇ ಸಲ ಮಿರರ್ ಪಾಲಿಶ್ 316, ಎರಡು 6 ಎಂಎಂ ಟಫನ್ಡ್ ಗಾಜನ್ನು ನಡುವೆ ಅಂಟುಪದರ ಇಟ್ಟು ಸೇರಿಸಿದ ಲ್ಯಾಮಿನೇಟೆಡ್, ಹೀಟ್ ಸೋಕ್ ಮಾಡಿಸಿದ್ದು (ತಾನಾಗಿ ಸಿಡಿಯುವಂಥ ಗಾಜು ಮೊದಲೇ ಒಡೆದುಹೋಗಲೆಂದು ಬಿಸಿಯಲ್ಲಿಟ್ಟು ಪರೀಕ್ಷಿಸುವುದು). ಒಂದು ಒಡೆದರೂ ಚೂರು ಕೆಳಗೆ ಉದುರುವುದಿಲ್ಲ. ಟಫನ್ ಆದ ಗಾಜನ್ನು ಕೊಯ್ಯಲಾಗದಲ್ಲ, ಹಾಗಾಗಿ ಪ್ಲೈವುಡ್ ಮಾದರಿ ಕೂರಿಸಿ ನೋಡಿಯೇ ಆರ್ಡರ್ ಕೊಟ್ಟೆ. ಗಾಜು ಕೂರುವ ಕೆಳಗಿನ ಚಾನೆಲ್‌ಗೆ ನೀರು ಇಳಿಯಲು ಅಡಿಗೊಂದು ತೂತು. ನೀರು ನಿಂತರೆ ಲ್ಯಾಮಿನೇಟ್ ಅಂಚು ಬೆಳ್ಳಗಾಗುತ್ತದೆ. ಅಂಚಿಗೆ ಏನು ಬಳಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ದುಡಿಮೆಯ ಗುಟ್ಟು. 26 ಅಡಿಗೆ ಒಂದು ಲಕ್ಷದ ಮೇಲೆ ಹತ್ತು ಸಾವಿರ ಬಿತ್ತು.

ತಿಂಗಳಿಗೆ ಎರಡು ಸಲ ಬಾವಿಯ ಸಿಹಿನೀರಲ್ಲಿ ತೊಳೆಯುತ್ತೇನೆ, ಗಾಳಿ ಜೋರಾಗಿ ಬೀಸಿದ ಮರುದಿನ ಇನ್ನೊಂದು ಸಲ.