ಹೋಯ್ ಆನ್‌ನಲ್ಲಿ ರೂಮು ಬುಕ್ ಮಾಡುವ ಮುಂಚೆ ಇಷ್ಟು ನೋಡಿಕೊಳ್ಳಿ

ವಿಯೆಟ್ನಾಂಗೆ ಹೋದವರ ಕೈಗೆ 20,000 ಡಾಂಗ್ ನೋಟು ಬಂದೇ ಬರುತ್ತದೆ. ತಿರುಗಿಸಿ ನೋಡಿದರೆ ಹೆಂಚಿನ ಮಾಡಿನ ಒಂದು ಪುಟ್ಟ ಸೇತುವೆ ಕಾಣುತ್ತದೆ. ಅದು ಹೋಯ್ ಆನ್‌ನ ಜಪಾನಿ ಸೇತುವೆ. ನಾನೂರು ವರ್ಷದ ಹಿಂದೆ ಜಪಾನ್, ಚೀನಾದ ವ್ಯಾಪಾರಿಗಳು ಬಂದು ನೆಲೆಸಿದ್ದ ಬಂದರು ಊರು ಇದು. ಆಮೇಲೆ ನದಿಯಲ್ಲಿ ಹೂಳು ತುಂಬಿತು, ದೊಡ್ಡ ಹಡಗುಗಳೆಲ್ಲ ಪಕ್ಕದ ಡಾ ನಾಂಗ್‌ಗೆ ಹೋದವು, ಊರು ಇದ್ದ ಹಾಗೇ ಉಳಿಯಿತು. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಹಳೆ ಊರು ಎಂದರೆ ಬರೀ 30 ಹೆಕ್ಟೇರ್ ಜಾಗ. ಅರ್ಧ ದಿನದಲ್ಲಿ ಸುತ್ತಿ ಮುಗಿಸಬಹುದು. ಅದಕ್ಕೇ ಜನ ‘ಎಲ್ಲಿ ಉಳಿದರೇನು’ ಎಂದು ಫೋಟೊ ಚೆನ್ನಾಗಿರುವ ರೂಮು ಹಿಡಿದುಬಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ನದಿ ದಂಡೆಯ ಬೀದಿ, ಹಳದಿ ಗೋಡೆ, ಮೇಲೆ ಕಾಗದದ ಹೂವಿನ ಬಳ್ಳಿ. ಸಂಜೆ 4 ಗಂಟೆಗೆ ತಲುಪಿದರೆ ಟ್ಯಾಕ್ಸಿಯವನು ಬೀದಿಗೆ ಅಡ್ಡ ಇಟ್ಟಿದ್ದ ಬ್ಯಾರಿಕೇಡ್ ಹತ್ತಿರ ಇಳಿಸಿ ಹೊರಟೇಹೋದ. ಅಮ್ಮನನ್ನು ಕರೆದುಕೊಂಡು ಎರಡು ಸೂಟ್‌ಕೇಸ್ ಎಳೆಯುತ್ತಾ ಪ್ರವಾಸಿಗರ ಜಾತ್ರೆಯ ನಡುವೆ ನಡೆದೆ. ರೂಮಿನಲ್ಲಿ ಕಿಟಕಿಯೇನೋ ಇತ್ತು, ಪರದೆ ಸರಿಸಿದರೆ ಒಂದು ಅಡಿ ಆಚೆ ಪಕ್ಕದ ಮನೆಯ ಗೋಡೆ. ತಪ್ಪು ಹೋಟೆಲಿನವರದ್ದೇನಲ್ಲ, ಸರಿಯಾಗಿ ಓದದೆ ಬುಕ್ ಮಾಡಿದ್ದು ನಾನು. ಎರಡನೇ ಸಲ ಹೇಗೆ ಮಾಡಿದೆ ಎನ್ನುವುದು ಇಲ್ಲಿದೆ.

ಮೊದಲು ತಿಂಗಳು

ಫೆಬ್ರುವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಳೆ ಕಡಿಮೆ, ಸೆಕೆ ತಡೆಯಬಹುದು. ಮೇಯಿಂದ ಆಗಸ್ಟ್‌ವರೆಗೆ ಮಂಗಳೂರಿನ ಬೇಸಿಗೆ ನೆನಪಾಗುವ ಬಿಸಿಲು, ಸಮುದ್ರಕ್ಕೆ ಇಳಿಯುವವರಿಗೆ ಮಾತ್ರ ಖುಷಿ. ನಮ್ಮಲ್ಲಿ ದಸರಾ, ದೀಪಾವಳಿ ರಜೆ ಸಿಗುತ್ತದಲ್ಲ, ಆ ಅಕ್ಟೋಬರ್, ನವೆಂಬರ್ ಅಲ್ಲಿ ಪ್ರವಾಹದ ಕಾಲ. ಥು ಬೋನ್ ನದಿ ಬೀದಿಗೇ ಬರುತ್ತದೆ. ಉತ್ಪ್ರೇಕ್ಷೆ ಅಲ್ಲ: ಗುಯೆನ್ ಥಾಯ್ ಹೋಕ್ ಬೀದಿಯಲ್ಲಿ ಟಾನ್ ಕಿ ಎಂಬ ಹಳೆ ಮನೆ ಇದೆ, ಯಾವ ವರ್ಷ ನೀರು ಎಲ್ಲಿವರೆಗೆ ಬಂತು ಎಂದು ಅದರ ಗೋಡೆಯ ಮೇಲೆ ಗುರುತು ಹಾಕಿಟ್ಟಿದ್ದಾರೆ, 1964ರದ್ದು ನನ್ನ ತಲೆಗಿಂತ ಎಷ್ಟೋ ಮೇಲಿದೆ. ಅಟ್ಟದಲ್ಲಿ ಒಂದು ಕಿಂಡಿ ಬೇರೆ, ನೀರು ಬಂದಾಗ ಕೆಳಗಿನ ಸಾಮಾನನ್ನೆಲ್ಲ ಮೇಲಕ್ಕೆ ಎಳೆದುಕೊಳ್ಳಲು. 2025ರ ಅಕ್ಟೋಬರ್ ಕೊನೆಯಲ್ಲೂ ಊರು ಮುಳುಗಿತ್ತು. ಆ ತಿಂಗಳಲ್ಲೇ ಹೋಗಬೇಕೆಂದಿದ್ದರೆ ಎರಡು ಕೆಲಸ ಮಾಡಿ: ಕೊನೆ ಗಳಿಗೆಯಲ್ಲೂ ದುಡ್ಡು ವಾಪಸ್ ಬರುವ ರೇಟಿನಲ್ಲೇ ಬುಕ್ ಮಾಡಿ, ಮತ್ತು ಮೇಲಿನ ಮಹಡಿಯ ರೂಮು ಕೇಳಿ.

ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಬರುವ ಟೆಟ್ ಹಬ್ಬದ ವಾರವನ್ನು ಬಿಟ್ಟುಬಿಡಿ. ಅದು ಅವರ ಹೊಸ ವರ್ಷ. ರೂಮಿನ ರೇಟು ಏರುತ್ತದೆ, ಊಟದ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆಗೆಯಿರಿ

ಸುಮ್ನೆ ಹೇಳುತ್ತಿಲ್ಲ. ಅವರ ಚಾಂದ್ರಮಾನ ತಿಂಗಳ 14ನೇ ರಾತ್ರಿ ಹೋಯ್ ಆನ್‌ನಲ್ಲಿ ಲಾಟೀನು ಹಬ್ಬ. ಹಳೆ ಊರಿನಲ್ಲಿ ವಿದ್ಯುತ್ ದೀಪ ಆರಿಸಿ ಬಣ್ಣದ ಲಾಟೀನು ಹಚ್ಚುತ್ತಾರೆ, ನದಿಯಲ್ಲಿ ಕಾಗದದ ದೀಪ ತೇಲಿಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಹೆಚ್ಚೂಕಡಿಮೆ ಹುಣ್ಣಿಮೆಯ ಹಿಂದಿನ ರಾತ್ರಿ. ಒಂದು ದಿನ ಆಚೀಚೆ ಆಗಬಹುದು, ಹೋಟೆಲಿಗೆ ಮೆಸೇಜ್ ಮಾಡಿ ಖಚಿತಪಡಿಸಿಕೊಳ್ಳಿ.

ಇದರಲ್ಲಿ ಸಸ್ಯಾಹಾರಿಗಳಿಗೆ ಇನ್ನೊಂದು ಲಾಭ ಇದೆ. ತಿಂಗಳ 1ನೇ ಮತ್ತು 15ನೇ ದಿನ ಬೌದ್ಧ ಸಂಪ್ರದಾಯದ ಎಷ್ಟೋ ಮನೆಗಳಲ್ಲಿ ಮಾಂಸ ತಿನ್ನುವುದಿಲ್ಲ, ನಮ್ಮ ಏಕಾದಶಿ ಇದ್ದ ಹಾಗೆ. ಆ ದಿನ ಮಾಮೂಲಿ ಅಂಗಡಿಗಳಲ್ಲೂ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ. ಹುಣ್ಣಿಮೆಯ ಹಿಂದಿನ ದಿನ ತಲುಪಿ ಮೂರು ರಾತ್ರಿ ಇದ್ದರೆ ದೀಪವೂ ಆಯಿತು, ಊಟವೂ ಆಯಿತು. ಆದರೆ ಆ ರಾತ್ರಿಯ ಗುಂಪು ನೋಡಿದರೆ ಚಿಕ್ಕಪೇಟೆಯೇ ವಾಸಿ ಎನಿಸುತ್ತದೆ.

ಜಾಗ, ಇದನ್ನು ನಿಧಾನವಾಗಿ ಓದಿ

ಹೋಯ್ ಆನ್‌ಗೆ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ. ಹನೋಯ್ ಅಥವಾ ಹೋ ಚಿ ಮಿನ್ ಸಿಟಿ ಮೂಲಕ ಡಾ ನಾಂಗ್‌ಗೆ ಹಾರಿ, ಅಲ್ಲಿಂದ ಸುಮಾರು 30 ಕಿ.ಮೀ. ಕಾರಿನಲ್ಲಿ ಬರಬೇಕು. ಮುಕ್ಕಾಲು ಗಂಟೆ. ಟ್ಯಾಕ್ಸಿ ಕರೆಸುವ ಗ್ರಾಬ್ ಆ್ಯಪ್‌ನಲ್ಲಿ 3ರಿಂದ 4 ಲಕ್ಷ ಡಾಂಗ್ ಆಗುತ್ತದೆ. ಹೆದರಬೇಡಿ, 1 ಲಕ್ಷ ಡಾಂಗ್ ಎಂದರೆ ನಮ್ಮ 350 ರೂಪಾಯಿಯ ಆಸುಪಾಸು. ಆದರೆ 20,000 ಮತ್ತು 5 ಲಕ್ಷದ ನೋಟು ಎರಡೂ ನೀಲಿ ಬಣ್ಣ, ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ ಸೊನ್ನೆ ಎಣಿಸಿ ಕೊಡಿ.

ಉಳಿಯುವ ಜಾಗಗಳಲ್ಲಿ ಹಳೆ ಊರಿನ ಒಳಗೇ ಇರುವುದು ಮೊದಲನೆಯದು: ಟ್ರಾನ್ ಫು, ಗುಯೆನ್ ಥಾಯ್ ಹೋಕ್, ನದಿಗೆ ತಾಗಿದ ಬಾಕ್ ಡಾಂಗ್ ಬೀದಿಗಳು. ಹಳೆ ಮನೆಗಳನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲವಾದ್ದರಿಂದ ಇಲ್ಲಿ ಹೋಟೆಲುಗಳೇ ಕಡಿಮೆ. ಬೆಳಗಿನ ಸ್ವಲ್ಪ ಹೊತ್ತು ಮತ್ತು ಮಧ್ಯಾಹ್ನ ಸುಮಾರು 3ರಿಂದ ರಾತ್ರಿವರೆಗೆ ಮೋಟಾರು ವಾಹನ ಬಿಡುವುದಿಲ್ಲ, ಅಂದರೆ ನೀವು ಸಾಮಾನ್ಯವಾಗಿ ಬಂದಿಳಿಯುವ ಹೊತ್ತಿಗೇ ಬಿಡುವುದಿಲ್ಲ. ಮನೆಗಳೆಲ್ಲ ಎದುರು ಕಿರಿದು, ಒಳಗೆ ಉದ್ದ. ಒಂದು ಬಾಗಿಲು ಈ ಬೀದಿಗೆ, ಹಿಂದಿನ ಬಾಗಿಲು ಆ ಬೀದಿಗೆ. ನೋಡಲು ಸುಂದರ, ನಡುವಿನ ಕೋಣೆಗೆ ಮಾತ್ರ ಬೆಳಕಿಲ್ಲ. ನದಿ ಏರಿದಾಗ ಮೊದಲು ಮುಳುಗುವುದೂ ಬಾಕ್ ಡಾಂಗ್ ಬೀದಿಯೇ.

ಹಳೆ ಊರಿನಿಂದ ನದಿಯ ಸೇತುವೆ ದಾಟಿದರೆ ಆನ್ ಹೋಯ್ ದ್ವೀಪ. ಹೆಸರು ತಿರುಗುಮುರುಗು ಆಯಿತು ಎಂದುಕೊಳ್ಳಬೇಡಿ, ಅದರ ಹೆಸರೇ ಹಾಗೆ. ರಾತ್ರಿ ಸಂತೆ ನಡೆಯುವುದು ಇಲ್ಲಿ. ಸಂತೆಗೆ ಹೋಗಿ ಬನ್ನಿ, ಆದರೆ ಸಂಗೀತದ ಗದ್ದಲದಲ್ಲಿ ನಿದ್ದೆ ಬರುವವರಾದರೆ ಮಾತ್ರ ಅಲ್ಲಿ ಉಳಿಯಿರಿ.

ಸಮುದ್ರದ ಕಡೆ ಆನ್ ಬಾಂಗ್ ಬೀಚ್. ಹಳೆ ಊರಿನಿಂದ ನಾಲ್ಕೈದು ಕಿ.ಮೀ. ಆಸುಪಾಸು. ಮಕ್ಕಳಿದ್ದರೆ, ಐದು ದಿನ ಸುಮ್ಮನೆ ಬಿದ್ದಿರಬೇಕು ಎಂದಿದ್ದರೆ ಚೆನ್ನ. ಎರಡೇ ದಿನಕ್ಕೆ ಬಂದು ಅಲ್ಲಿ ಉಳಿದರೆ ದಿನಾ ನಾಲ್ಕು ಸಲ ಟ್ಯಾಕ್ಸಿ ಹತ್ತಬೇಕು. ಕ್ವಾ ಡಾಯ್ ಬೀಚಿನ ಹೋಟೆಲ್ ಆದರೆ ಮರಳು ಉಳಿದಿದೆಯೇ ಕೇಳಿ, ಅಲ್ಲಿ ಕಡಲ್ಕೊರೆತ ಜೋರು. ಹಳೆ ಫೋಟೊ ನಂಬಬೇಡಿ.

ನಾನು ಹೇಳುವುದು ಹಳೆ ಊರಿಗೂ ಬೀಚಿಗೂ ನಡುವಿನ ಗದ್ದೆ ಬಯಲು: ಕಾಮ್ ಚಾವ್ ಕಡೆ, ಅಥವಾ ಸೊಪ್ಪು ತರಕಾರಿ ಬೆಳೆಯುವ ಟ್ರಾ ಕ್ವೆ ಹಳ್ಳಿಯ ಕಡೆ. ಮನೆಯವರೇ ನಡೆಸುವ ಎಂಟು ಹತ್ತು ರೂಮಿನ ಹೋಂಸ್ಟೇಗಳು ಬೇಕಾದಷ್ಟಿವೆ. ಹೋಂಸ್ಟೇ ಎಂದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಹಾಗೆ ಮನೆಯವರ ಜೊತೆ ಊಟ ಮಾಡುವುದಲ್ಲ, ಚಿಕ್ಕ ಹೋಟೆಲ್ ಇದ್ದ ಹಾಗೆ. ಎ.ಸಿ. ಇರುವ ರೂಮು ದಿನಕ್ಕೆ 1,500ರಿಂದ 2,500 ರೂಪಾಯಿ ಒಳಗೆ ಸಿಗುತ್ತದೆ, ಎಷ್ಟೋ ಕಡೆ ತಿಂಡಿಯೂ ಸೇರಿರುತ್ತದೆ. ಸೈಕಲ್ ಪುಕ್ಕಟೆ ಕೊಡುತ್ತಾರೆ. ಊರು ಸಪಾಟು, ಹತ್ತು ಹದಿನೈದು ನಿಮಿಷ ತುಳಿದರೆ ಹಳೆ ಊರು. ಎರಡನೇ ಸಲ ಹೋದಾಗ ನಾನು ಉಳಿದದ್ದು ಇಲ್ಲೇ. ಬೆಳಗ್ಗೆ ಕಿಟಕಿ ತೆಗೆದರೆ ಗದ್ದೆ, ಬೆಳ್ಳಕ್ಕಿ, ಒಂದು ಎಮ್ಮೆ. ಅಮ್ಮನಿಗೆ ಜಪಾನಿ ಸೇತುವೆಗಿಂತ ಆ ಎಮ್ಮೆಯೇ ಹೆಚ್ಚು ಇಷ್ಟವಾಯಿತು.

ಸೈಕಲ್ ತುಳಿಯಲಾಗದ ಹಿರಿಯರು ಜೊತೆಗಿದ್ದರೆ ಅಷ್ಟು ದೂರ ಬೇಡ. ಹಳೆ ಊರಿನ ಉತ್ತರ ಅಂಚಿಗೆ, ವಾಹನ ಓಡಾಡುವ ರಸ್ತೆಯಲ್ಲಿ ನೋಡಿ. ಕಾರು ಬಾಗಿಲಿಗೇ ಬರುತ್ತದೆ, ನಡೆದೇ ಹೋಗಬಹುದು.

ಬುಕ್ ಒತ್ತುವ ಮುಂಚೆ ಕೇಳುವ ಪ್ರಶ್ನೆಗಳು

ಹೋಟೆಲಿಗೆ ನೇರ ಮೆಸೇಜ್ ಮಾಡಿ. ಅನುವಾದದ ಆ್ಯಪ್ ಬಳಸಿಯಾದರೂ ಉತ್ತರ ಕೊಡುತ್ತಾರೆ. ಕಿಟಕಿ ಇದೆಯಾ ಎಂದು ಕೇಳಬೇಡಿ, ಕಿಟಕಿ ತೆಗೆದರೆ ಏನು ಕಾಣುತ್ತದೆ ಎಂದು ಕೇಳಿ. ಲಿಫ್ಟ್ ಇದೆಯಾ? ಚಿಕ್ಕ ಹೋಂಸ್ಟೇಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಮೂರನೇ ಮಹಡಿ ಮೆಟ್ಟಿಲು ಮಂಡಿ ನೋವಿನವರಿಗೆ ಶಿಕ್ಷೆ. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯಾ? ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ ತೆರಿಗೆ ಮತ್ತು ಸರ್ವಿಸ್ ಚಾರ್ಜ್ ಬೇರೆ ಎಂದರ್ಥ, ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ. ಹಾಸಿಗೆ ಸ್ವಲ್ಪ ಗಟ್ಟಿ, ನಮಗೇನು ತೊಂದರೆ ಇಲ್ಲ. ಬಾತ್‌ರೂಮಿನಲ್ಲಿ ನೀರಿನ ಪೈಪು ಇರುತ್ತದೆ, ಆ ಚಿಂತೆಯೂ ಬೇಡ.

ವಿಮರ್ಶೆ ಓದುವಾಗ ಐದು ಸ್ಟಾರಿನವನ್ನು ಬಿಟ್ಟು ಮೂರು ಸ್ಟಾರಿನವನ್ನು ಓದಿ. ಸತ್ಯ ಅಲ್ಲಿರುತ್ತದೆ. ‘ಬೆಳಗಿನ ಜಾವ ಮೈಕ್ ಕೂಗುತ್ತದೆ’ ಎಂದು ಯಾರಾದರೂ ಬರೆದಿದ್ದರೆ ನಂಬಿ. ಬಡಾವಣೆಯ ಕಂಬಕ್ಕೆ ಕಟ್ಟಿದ ಸರ್ಕಾರಿ ಧ್ವನಿವರ್ಧಕ ಅದು, ಬೆಳಗ್ಗೆ 5ರ ಸುಮಾರಿಗೇ ಶುರುವಾಗಬಹುದು. ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ, ಅಂದರೆ ನಿಮ್ಮ ದೇಹಕ್ಕೆ ಆಗ ಮೂರೂವರೆ!

ಎಷ್ಟು ರಾತ್ರಿ? ಮೂರಕ್ಕೆ ಕಡಿಮೆ ಬೇಡ. ಇಲ್ಲಿ ದರ್ಜಿಗಳು ಪ್ರಸಿದ್ಧ. ಸೂಟು, ಕುರ್ತಾ ಹೊಲಿಸಬೇಕೆಂದರೆ ಮೊದಲ ದಿನವೇ ಅಳತೆ ಕೊಡಿ, ಹಾಕಿ ನೋಡಿ ಸರಿಮಾಡಿಸಲು ಎರಡು ದಿನ ಬೇಕು. ‘24 ಗಂಟೆಯಲ್ಲಿ ಕೊಡುತ್ತೇವೆ’ ಎನ್ನುವವರೂ ಇದ್ದಾರೆ, ಕೊಡುತ್ತಾರೆ ಕೂಡ, ಹೊಲಿಗೆ ಊರಿಗೆ ಬಂದ ಮೇಲೆ ಬಿಟ್ಟುಕೊಳ್ಳುತ್ತದೆ. ಹೋಟೆಲಿನವರು ಹೇಳಿದ ಅಂಗಡಿಯಲ್ಲಿ ಅವರಿಗೆ ಕಮಿಷನ್ ಇರಬಹುದು, ನಾಲ್ಕು ಕಡೆ ನೋಡಿ.

ಇನ್ನೊಂದು ಬೆಳಗ್ಗೆ ಮೀ ಸನ್‌ಗೆ ಇರಲಿ. ಸುಮಾರು 40 ಕಿ.ಮೀ. ದೂರದಲ್ಲಿ ಕಾಡುಬೆಟ್ಟಗಳ ನಡುವೆ, ಹಿಂದೆ ಈ ಭಾಗವನ್ನು ಆಳಿದ ಚಂಪಾ ರಾಜರ ಇಟ್ಟಿಗೆ ದೇವಾಲಯಗಳು. ಬಾದಾಮಿ ಚಾಲುಕ್ಯರಿಗೂ ಮುಂಚೆ ಭದ್ರವರ್ಮ ಎಂಬ ರಾಜ ಇಲ್ಲಿ ಭದ್ರೇಶ್ವರನ ಹೆಸರಿನಲ್ಲಿ ಶಿವನ ಗುಡಿ ಕಟ್ಟಿಸಿದ್ದ. ಶಾಸನಗಳಲ್ಲಿ ಸಂಸ್ಕೃತವೂ ಇದೆ. 2020ರ ಮೇ ತಿಂಗಳಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ದುರಸ್ತಿ ಮಾಡುವಾಗ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಬಿಸಿಲೇರುವ ಮುಂಚೆ ತಲುಪಬೇಕೆಂದರೆ 5 ಗಂಟೆಗೆ ಹೊರಡಬೇಕು, ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಹೇಳಿದರೆ ತಿಂಡಿ ಕಟ್ಟಿಕೊಡುತ್ತಾರೆ.

ಊಟದ ಮಾತು

ಊರಿನ ಹೆಸರಾಂತ ಕಾವ್ ಲಾವ್ ನೂಡಲ್ಸ್‌ನಲ್ಲಿ ಹಂದಿ ಮಾಂಸ ಇರುತ್ತದೆ. ‘ಬರೀ ತರಕಾರಿ’ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಇರಬಹುದು. ನೀವು ಕಲಿಯಬೇಕಾದ ಮಾತು ‘ಆನ್ ಚಾಯ್’, ಸಸ್ಯಾಹಾರ ತಿನ್ನುತ್ತೇನೆ ಎಂದು. ಇಂಗ್ಲಿಷ್ ಅಕ್ಷರದಲ್ಲಿ ಸಿ, ಎಚ್, ಎ, ವೈ ಎಂದು ಬೋರ್ಡ್ ಇರುವ ಅಂಗಡಿಗೆ ಧೈರ್ಯವಾಗಿ ನುಗ್ಗಿ. ಕಟ್ಟುನಿಟ್ಟಿನ ಕಡೆ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ತಟ್ಟೆಯಲ್ಲಿ ಮಾಂಸದ ತುಂಡು ಕಂಡರೆ ಗಾಬರಿ ಬೇಡ, ಸೋಯಾದಲ್ಲಿ ಹಾಗೆ ಮಾಡಿರುತ್ತಾರೆ. ಬುಕ್ ಮಾಡುವಾಗಲೇ ಹೋಟೆಲಿಗೂ ‘ಚಾಯ್’ ಎಂದು ಬರೆದಿಡಿ, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅದನ್ನೂ ಹೇಳಿ. ರೂಮಿನಲ್ಲಿ ಕೆಟಲ್ ಇದ್ದೇ ಇರುತ್ತದೆ, ಎಂಟಿಆರ್ ಉಪ್ಪಿಟ್ಟಿನ ಪೊಟ್ಟಣ ಎರಡು ಒಯ್ದರೆ ನಷ್ಟವಿಲ್ಲ.

ಕಾಗದಪತ್ರ

ಇ-ವೀಸಾ ಬೇಕು. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ ಸಿಗುತ್ತದೆ. ಸರ್ಕಾರದ ತಾಣದ ವಿಳಾಸ ‘gov.vn’ ಎಂದು ಮುಗಿಯುತ್ತದೆ. ಹಾಗಿಲ್ಲದಿದ್ದರೆ ಅದು ಏಜೆಂಟರದ್ದು, ಜಾಸ್ತಿ ತೆಗೆದುಕೊಳ್ಳುತ್ತಾರೆ. ಎರಡು ಮೂರು ವಾರ ಮುಂಚೆ ಅರ್ಜಿ ಹಾಕಿ. ನಮ್ಮವರ ಹೆಸರಿನಲ್ಲಿ ಇನಿಷಿಯಲ್ಲು, ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಕಲೆಸಿರುತ್ತದೆ ಅಲ್ವಾ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ತುಂಬಿ, ಹೋಟೆಲಿನ ಬುಕಿಂಗೂ ಅದೇ ಹೆಸರಿನಲ್ಲಿರಲಿ.

ಹೋಟೆಲಿನವರು ಬಂದ ತಕ್ಷಣ ಪಾಸ್‌ಪೋರ್ಟ್ ಕೇಳುತ್ತಾರೆ. ವಿದೇಶಿಯರ ವಿವರವನ್ನು ಅವರು ಪೊಲೀಸರಿಗೆ ಕಳಿಸಲೇಬೇಕು, ಅದು ನಿಯಮ. ಅಲ್ಲೇ ನಿಂತು ಫೋಟೊ ತೆಗೆಸಿ ವಾಪಸ್ ಇಸಿದುಕೊಳ್ಳಿ. ಕೆಲವರು ಡ್ರಾಯರಿನಲ್ಲಿ ಇಟ್ಟುಕೊಂಡು ಹೊರಡುವಾಗ ಕೊಡುತ್ತೇವೆ ಎನ್ನುತ್ತಾರೆ. ಹಾಗೆ ಬಿಟ್ಟಿದ್ದರೆ ಡಾ ನಾಂಗ್ ಟ್ಯಾಕ್ಸಿ ಹತ್ತುವ ಮುಂಚೆ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳಿ, ನಾನು ಅರ್ಧ ದಾರಿಗೆ ಹೋಗಿ ತಿರುಗಿ ಬಂದಿದ್ದೇನೆ.