ಕೆರೆ ಕಟ್ಟಿದ್ದೀರಿ ಸರಿ, ಆಟಗಾರನಿಗೆ ಕಾಣಬೇಕಲ್ಲ?

ಹಾಸನದ ಹುಡುಗರು ಸ್ಟ್ರಾಟಜಿ ಗೇಮ್‌ಗೆ ಮಾಡ್ (ಇರುವ ಆಟಕ್ಕೆ ನಾವೇ ಸೇರಿಸುವ ಬದಲಾವಣೆ) ಬರೆಯಲು ಕೂತರೆ ಅದು ಹೊಯ್ಸಳರದೇ ಆಗಿರುತ್ತದೆ. ಬೇಲೂರು, ಹಳೇಬೀಡು ಪಕ್ಕದಲ್ಲೇ ಇವೆ, ಅಲ್ವಾ? ಈಚೆಗೆ ಒಬ್ಬ ತಂದು ತೋರಿಸಿದ್ದರಲ್ಲಿ ಪರದೆಯ ಮೇಲ್ಗಡೆ ಒಂಬತ್ತು ಅಂಕಿಗಳಿದ್ದವು. ಭಕ್ತಿ, ಕೀರ್ತಿ, ನೀರು, ಶಿಲ್ಪಿಗಳ ಹುಮ್ಮಸ್ಸು ಕೂಡ. ಹತ್ತು ನಿಮಿಷದಲ್ಲಿ ಸೋತೆ. ಯಾಕೆ ಸೋತೆ ಅಂತ ಮಾಡಿದವನಿಗೂ ಹೇಳಲಾಗಲಿಲ್ಲ. ನಿಯಮ ಆಟಗಾರನಿಗೆ ಕಾಣುವ ಹಾಗೆ ಮಾಡ್ ಬರೆಯುವುದು ಹೀಗೆ.

ಹಂತ 1. ‘ಝೀರೋ ಎ.ಡಿ.’ ಅನ್ನೋ ಸ್ಟ್ರಾಟಜಿ ಗೇಮ್ ಇಳಿಸಿಕೊಳ್ಳಿ. ಪುಕ್ಕಟೆ, ಕೋಡ್ ಕೂಡ ತೆರೆದೇ ಇದೆ. ಮೂಲ ಫೈಲ್ ಮುಟ್ಟಬೇಡಿ, ನಿಮ್ಮದೇ ಮಾಡ್ ಫೋಲ್ಡರ್ ಮಾಡಿ.

ಹಂತ 2. ಹೊಸ ನಿಯಮ ಒಂದೇ ಒಂದು ಸೇರಿಸಿ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಅಲ್ಲಿನ ದೊಡ್ಡ ಕೆರೆಯಿಂದ ಬಂದದ್ದು. ಹಾಗಾಗಿ ನಾನು ಕೆರೆ ಆರಿಸಿಕೊಂಡೆ. ಆಹಾರ, ಮರ, ಕಲ್ಲು, ಲೋಹ ಅಂತ ನಾಲ್ಕು ಸಂಪನ್ಮೂಲ ಆಗಲೇ ಇವೆ. ನೀರನ್ನು ಐದನೆಯದು ಮಾಡಬೇಡಿ. ಕೆರೆ ಒಂದು ಕಟ್ಟಡವಾಗಿರಲಿ. ಅದರ ಸುತ್ತ ಬೇಸಾಯ ಮಾಡುವವರಿಗೆ ಧಾನ್ಯ ಜಾಸ್ತಿ ಬರಲಿ. ಇದಕ್ಕೆ ಆಟದಲ್ಲೇ ‘ಆರಾ’ ಅನ್ನೋ ಸೌಲಭ್ಯವಿದೆ, ಹತ್ತಿರ ಇರುವವರಿಗೆ ತಾನಾಗಿಯೇ ಲಾಭ ಕೊಡುವಂಥದ್ದು. ಒಂದು ಜೇಸನ್ ಫೈಲ್ (ಸರಳ ಪಠ್ಯದ ಫೈಲ್) ಬರೆದು, ಅದರ ಹೆಸರನ್ನು ಕೆರೆ ಕಟ್ಟಡದ ಫೈಲ್‌ನಲ್ಲಿ ಸೇರಿಸಿದರೆ ಮುಗೀತು.

ಹಂತ 3. ಎಲ್ಲರೂ ಎಡವುವುದು ಇಲ್ಲೇ. ನಿಯಮ ಕೆಲಸ ಮಾಡುತ್ತಿರುತ್ತದೆ, ಆಡುವವನಿಗೆ ಗೊತ್ತೇ ಆಗುವುದಿಲ್ಲ. ನಾನು ಮೊದಲು ಶೇ 5 ಹೆಚ್ಚಳ ಇಟ್ಟಿದ್ದೆ. ಒಂದು ಹೊಲದಲ್ಲಿ ದುಡಿಯಬಹುದಾದವರು 5 ಜನ. ಶೇ 5 ಅಂದರೆ ಕಾಲು ಆಳಿನ ಕೆಲಸ. ಯಾರಿಗೆ ಕಾಣುತ್ತೆ? ಶೇ 20ಕ್ಕೆ ಏರಿಸಿದೆ. ಆಗ ‘ಐದು ಜನರ ಹೊಲದಲ್ಲಿ ಆರು ಜನರ ಫಸಲು’ ಅಂತ ಬಟನ್ ಮೇಲಿನ ವಿವರಣೆಯಲ್ಲೇ ಬರೆಯಬಹುದು. ಒಂದು ಸಾಲಲ್ಲಿ ಹೇಳಲಾಗದ ನಿಯಮವನ್ನು ನಾನಂತೂ ಕಿತ್ತುಹಾಕುತ್ತೇನೆ.

ಎರಡು ಕೆರೆಗಳ ಲಾಭ ಒಂದರ ಮೇಲೊಂದು ಬೀಳುವ ಹಾಗೆ ಬಿಟ್ಟರೆ 1.2 × 1.2 = 1.44. ಪರದೆ ಶೇ 20 ಅನ್ನುತ್ತದೆ, ಕಣಜಕ್ಕೆ ಶೇ 44 ಬೀಳುತ್ತದೆ. ಜಾಣ ಆಟಗಾರ ಸಾಲಾಗಿ ಕೆರೆ ಕಟ್ಟುತ್ತಾನೆ. ಅದನ್ನು ತಡೆಯಿರಿ.

ಇನ್ನೊಂದು ಫಜೀತಿ. ನಾನು ಬರೆದ ಆರಾ ತಾಕುವುದು ಹೊಲಕ್ಕಲ್ಲ, ಆಳಿಗೆ. ಆಳುಗಳ ತಲೆ ಮೇಲೆ ನೀರಿನ ಹನಿಯ ಐಕಾನ್ ಇಟ್ಟಾಗಲೇ ಇದು ಕಂಡಿದ್ದು: ಒಂದೇ ಹೊಲದಲ್ಲಿ ಮೂವರಿಗೆ ಹನಿ ಇದೆ, ಆಚೆ ಬದುವಿನ ಇಬ್ಬರಿಗಿಲ್ಲ! ಕೆರೆಯನ್ನು ಆರಿಸಿದಾಗ ನೆಲದ ಮೇಲೆ ವೃತ್ತ ಮೂಡುವಂತೆ ಮಾಡಿ, ಒಂದು ಹೊಲ ಪೂರ್ತಿ ಒಳಗೆ ಬರುವಷ್ಟು ಅದನ್ನು ಹಿಗ್ಗಿಸಿ.

ರೆಡಿಮೇಡ್ ಚಿನ್ನದ ಬಣ್ಣದ ಐಕಾನ್ ಪ್ಯಾಕ್‌ಗಳು ಬೇಡವೇ ಬೇಡ. ಹದಿನಾರು ಪಿಕ್ಸೆಲ್‌ನಲ್ಲಿ ಶಿಲಾಬಾಲಿಕೆ ಕಡಲೆಬೀಜದ ಹಾಗೆ ಕಾಣುತ್ತಾಳೆ. ಕನ್ನಡದಲ್ಲಿ ಬರೆಯುವುದಾದರೆ ಬಟನ್‌ನ ಎತ್ತರ ನೋಡಿಕೊಳ್ಳಿ. ‘ಶಸ್ತ್ರ’ದ ಒತ್ತಕ್ಷರ ಕತ್ತರಿಸಿಹೋದರೆ ಓದುವುದು ಹೇಗೆ?

ಹಂತ 4. ಹಳೇ ಲ್ಯಾಪ್‌ಟಾಪ್‌ನಲ್ಲಿ ಈ ಆಟ ಗೊತ್ತಿಲ್ಲದವರನ್ನು ಕೂರಿಸಿ. ನೀವು ಬಾಯಿ ಬಿಡಬೇಡಿ. ನನ್ನ ಅಕ್ಕನ ಮಗ ಕೆರೆ ಕಟ್ಟಿ, ಸುತ್ತಮುತ್ತ ಕ್ಲಿಕ್ ಮಾಡಿ, “ಮಾವ, ಇದ್ರಲ್ಲಿ ಮೀನು ಸಿಗಲ್ವಾ?” ಅಂದ. ನೀರಿನ ಚಿತ್ರ ನೋಡಿದರೆ ಮತ್ತೇನು ಕೇಳ್ತಾನೆ? ನಾನು ಅಂಕಿ ಒಂದನ್ನೂ ಮುಟ್ಟಲಿಲ್ಲ. ಐಕಾನ್‌ನಲ್ಲಿ ಕೆರೆ ತೆಗೆದು ತೂಬು, ಕಾಲುವೆ, ಎರಡು ತೆನೆ ಹಾಕಿದೆ. ಮುಂದಿನ ಸಲ ಕೂರಿಸಿದ ಹುಡುಗ ಸೀದಾ ಹೊಲದ ಪಕ್ಕದಲ್ಲೇ ಕೆರೆ ಕಟ್ಟಿದ.