ವಿನೈಲ್ ನೆಲಹಾಸಿನ ಕಟುವಾಸನೆ ಹೋದ ಬಗೆ

ಕಾಂಕ್ರೀಟ್ ನೆಲಕ್ಕೆ ವಿನೈಲ್ ಹಾಸು ಅಂಟಿಸಿದ ಕೆಲವು ತಿಂಗಳ ಬಳಿಕ ಕೋಣೆಯಲ್ಲಿ ಸಿಹಿ ಬೆರೆತ ಕಟುವಾಸನೆ ಕಾಣಿಸಿಕೊಂಡಿತು. ಕಿಟಕಿ ತೆರೆದರೆ ತಗ್ಗಿ, ಮುಚ್ಚಿದೊಡನೆ ಮರಳುತ್ತಿತ್ತು. ಗಾಳಿ ಶುದ್ಧಗೊಳಿಸುವ ಯಂತ್ರದ ಹೆಪಾ ಫಿಲ್ಟರ್ ಕಣಗಳನ್ನಷ್ಟೇ ಹಿಡಿಯುವುದರಿಂದ ಅನಿಲದ ಮುಂದೆ ನಿರುಪಯುಕ್ತವಾಯಿತು. ಸುಗಂಧದ ಸ್ಪ್ರೇ ಗಾಳಿಗೆ ಮತ್ತಷ್ಟು ರಾಸಾಯನಿಕ ಸೇರಿಸಿತು, ಅಷ್ಟೆ.

ಮೂಲ ಹಾಸಿನ ಅಡಿಯಲ್ಲಿತ್ತು. ಪೂರ್ತಿ ಒಣಗದ ಕಾಂಕ್ರೀಟಿನೊಳಗಿನ ನೀರಿನ ಪಿಎಚ್ 12ರಿಂದ 13ರಷ್ಟಿರುತ್ತದೆ; ಆ ಕ್ಷಾರವು ಅಂಟಿನಲ್ಲಿರುವ ಅಕ್ರಿಲೇಟನ್ನೂ ವಿನೈಲನ್ನು ಮೆದುವಾಗಿಸುವ ಥ್ಯಾಲೇಟನ್ನೂ ಒಡೆದಾಗ 2-ಈಥೈಲ್ ಹೆಕ್ಸನಾಲ್ ಎಂಬ ಆಲ್ಕೊಹಾಲ್ ಹೊರಬರುತ್ತದೆ.

ಹಾಸನ್ನು ಕಿತ್ತು, ಅಂಟನ್ನು ಕಾಂಕ್ರೀಟ್ ಕಾಣುವವರೆಗೆ ಹೆರೆದು ತೆಗೆದೆ. ಆಲ್ಕೊಹಾಲ್ ಕಾಂಕ್ರೀಟಿನ ಸೂಕ್ಷ್ಮರಂಧ್ರಗಳಿಗೂ ಇಳಿದಿರುವುದರಿಂದ ಆಗಲೇ ಹೊಸ ಹಾಸು ಹಾಕಿದರೆ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಮೊದಲು ಕೋಣೆಯನ್ನು ಬೆಚ್ಚಗಿಟ್ಟು ಎಕ್ಸಾಸ್ಟ್ ಫ್ಯಾನನ್ನು ಬಿಡದೆ ಓಡಿಸಿ, ವಾಸನೆ ಅಡಗಿದ ಮೇಲೆ ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ಇಟ್ಟೆ. ನೆಲ ಮೇಲ್ಬದಿಯಿಂದ ಮಾತ್ರ ಒಣಗುವಂಥದ್ದಾದ್ದರಿಂದ, ದಪ್ಪದ ಶೇ. 40ರಷ್ಟು ಆಳಕ್ಕೆ ರಂಧ್ರ ಕೊರೆದು, ಬಾಯಿ ಮುಚ್ಚಿ, 72 ಗಂಟೆಗಳ ನಂತರ ಅಳೆದ ಸಾಪೇಕ್ಷ ಆರ್ದ್ರತೆ ಶೇ. 75ಕ್ಕಿಂತ ಕೆಳಗಿಳಿದ ಮೇಲಷ್ಟೇ ಮುಂದುವರಿದೆ. ಬಳಿಕ ಕಡಿಮೆ ಕ್ಷಾರದ ಸೆಲ್ಫ್ ಲೆವೆಲಿಂಗ್ ಕಾಂಪೌಂಡನ್ನು (ಸುರಿದಾಗ ತಾನಾಗಿ ಸಮತಟ್ಟಾಗುವ ಗಾರೆ) 10 ಮಿ.ಮೀ. ದಪ್ಪಕ್ಕೆ ಹರಡಿ, ಅದೂ ಒಣಗಿದ ನಂತರ, ಅಂಟಿಲ್ಲದೆ ಕೂರುವ ಹಾಸನ್ನು ಹಾಕಿದೆ. ವಾಸನೆ ಮರಳಿಲ್ಲ.